ರೇಂಜರೂ ಫೋನ್ ಎತ್ತಬೇಕು, ರೈತನೂ ಎತ್ತಬೇಕು

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಊರು ತಿಪಟೂರು ಹತ್ತಿರ, ಈಗ ಯಲಹಂಕ ಉಪನಗರದಲ್ಲಿದ್ದೇನೆ. ಎಂಜಿನಿಯರಿಂಗ್ ಮುಗಿಸಿ ಐದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ರಜೆ ಸಿಕ್ಕರೆ ಬಂಡೀಪುರ, ಕಬಿನಿ. ವನ್ಯಜೀವಿ ಸಂರಕ್ಷಣೆಯಲ್ಲೇ ಬದುಕು ಕಟ್ಟಿಕೊಳ್ಳಬೇಕು, ಮುಂದೆ ನಿಂತು ನಡೆಸುವವನಾಗಬೇಕು ಅಂತ ಆಸೆ. ಕೇಂಬ್ರಿಜ್‌ನಲ್ಲಿ ‘ಕನ್ಸರ್ವೇಶನ್ ಲೀಡರ್‌ಶಿಪ್’ ಅಂತಲೇ ಒಂದು ಕೋರ್ಸ್ ಇದೆಯಂತೆ. ಕೆಲಸ ಬಿಟ್ಟು ಅದಕ್ಕೆ ಅರ್ಜಿ ಹಾಕಲೇ? ಇಲ್ಲೇ ಏನಾದರೂ ಓದಲೇ? ‘ಇರೋ ಕೆಲಸ ಬಿಟ್ಟು ಕಾಡಿಗೆ ಹೋಗ್ತೀಯಾ’ ಅಂತ ಅಮ್ಮ ಊಟ ಬಿಟ್ಟು ಕೂತಿದ್ದಾರೆ.

ಉತ್ತರ: ಮೊದಲು ಅಮ್ಮನಿಗೆ ಊಟ ಮಾಡಲು ಹೇಳಿ. ಈ ವರ್ಷ ನೀವು ಕೆಲಸ ಬಿಡುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಇಂಥ ಪ್ರಶ್ನೆ ನನಗೆ ತಿಂಗಳಿಗೆ ಎರಡಾದರೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ನಿಮ್ಮ ಹಾಗೆ ಸಫಾರಿ ಜೀಪಿನಿಂದ ಇಳಿದವರು. ತಪ್ಪೇನಿಲ್ಲ, ನಾನೂ ಹಾಗೇ ಬಂದವಳು. ಆದರೆ ಜೀಪು ಗೇಟು ದಾಟಿ ಹೊರಗೆ ಬಂದಮೇಲೆ ಒಂದಷ್ಟು ಹಳ್ಳಿ ಸಿಗುತ್ತವಲ್ಲ, ಕಾಫಿ ಕುಡಿಯಲು ಕೂಡ ನಿಲ್ಲಿಸದೆ ನಾವು ದಾಟಿ ಬರುವ ಹಳ್ಳಿಗಳು, ಕೆಲಸ ಇರುವುದು ಅಲ್ಲಿ.

ನಾನು ವನ್ಯಜೀವಿ ಸಂರಕ್ಷಣೆಯ ಕೆಲಸಕ್ಕೆ ಸೇರಿ ಎರಡನೇ ವರ್ಷ. ಗುಂಡ್ಲುಪೇಟೆ ತಾಲ್ಲೂಕು, ಬಂಡೀಪುರದ ಅಂಚಿನ ಒಂದು ಹಳ್ಳಿ. ಹಿಂದಿನ ರಾತ್ರಿ ಎರಡು ಆನೆ ನುಗ್ಗಿ ಬಾಳೆ ತೋಟ ಮಲಗಿಸಿದ್ದವು. ನನ್ನ ಬ್ಯಾಗಿನಲ್ಲಿ ಹೊಸದಾಗಿ ಅಚ್ಚು ಹಾಕಿಸಿದ ಕರಪತ್ರ: ‘ಮಾನವ–ವನ್ಯಜೀವಿ ಸಂಘರ್ಷ ನಿರ್ವಹಣೆ’. ತೋಟದ ಯಜಮಾನರಿಗೆ ಒಂದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತಲೆಬರಹವನ್ನು ಎರಡು ಸಲ ಓದಿದರು.

‘ಸಂಘರ್ಷ ಅಂದ್ರೆ ಏನವ್ವ? ಆನೆ ಬತ್ತದಲ್ಲ, ಅದೇಯಾ?’

ಹೌದು ಅಂದೆ.

‘ಮತ್ತೆ ಹಂಗೇ ಬರೀಬೌದಾಗಿತ್ತಲ್ಲ’ ಅಂದರು.

ಕರಪತ್ರ ಮಡಚಿ ಜೇಬಿಗಿಟ್ಟುಕೊಂಡು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಪಹಣಿ, ರೇಷನ್ ಕಾರ್ಡಿನ ಜೆರಾಕ್ಸ್, ಮೂರು ವರ್ಷ ಹಳೆಯ ಪರಿಹಾರದ ಅರ್ಜಿ. ಅರ್ಜಿ ಯಾಕೆ ಮುಂದೆ ಹೋಗಿಲ್ಲ ಅಂತ ನೋಡಿದರೆ, ಪಹಣಿ ಇನ್ನೂ ಅವರ ತಾತನ ಹೆಸರಲ್ಲಿದೆ. ತಾತ ಸತ್ತು ಮೂವತ್ತು ವರ್ಷ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನು ಬದಲಾಯಿಸುವುದು, ಆಗಿಲ್ಲ. ಆನೆ ತಿಂದದ್ದು ಇವರ ಬಾಳೆ, ಕಾಗದದ ಪ್ರಕಾರ ಜಮೀನು ತೀರಿಹೋದವರದ್ದು.

ಆನೆಗಳ ಬಗ್ಗೆ ಓದಿ ಬಂದ ನಾನು ಆ ವರ್ಷ ಕಲಿತದ್ದು ಪೌತಿ ಖಾತೆ. ವಂಶವೃಕ್ಷ ಮಾಡಿಸಲು ಯಾರನ್ನು ನೋಡಬೇಕು, ನಾಡಕಚೇರಿಯಲ್ಲಿ ಯಾವ ದಿನ ಜನ ಕಡಿಮೆ, ಅಣ್ಣತಮ್ಮಂದಿರು ಸಹಿ ಹಾಕಲು ಒಪ್ಪದಿದ್ದರೆ ಯಾವ ಸೋದರಮಾವನಿಂದ ಹೇಳಿಸಬೇಕು. ಆರು ತಿಂಗಳು ಓಡಾಡಿದ ಮೇಲೆ ಖಾತೆಯಾಯಿತು. ಬಂದ ಪರಿಹಾರ ದೊಡ್ಡದೇನಲ್ಲ.

ಇದರ ಫಲ ಕಂಡದ್ದು ಇನ್ನೊಂದು ವರ್ಷ ಕಳೆದ ಮೇಲೆ. ಬೆಳಗಿನ ಜಾವ ಅದೇ ಯಜಮಾನರ ಫೋನು. ಪಕ್ಕದ ಜಮೀನಿನ ಬೇಲಿಯಲ್ಲಿ ಹಂದಿಗೆ ಕಟ್ಟಿದ ಉರುಳಿಗೆ ಚಿರತೆ ಬಿದ್ದಿದೆ, ಇನ್ನೂ ಯಾರೂ ನೋಡಿಲ್ಲ ಅಂದರು. ನಾನು ರೇಂಜರ್‌ಗೆ ಫೋನ್ ಮಾಡಿದೆ. ಅವರು ಎತ್ತಿದರು. ಅಷ್ಟು ಹೊತ್ತಿಗೆ ಎರಡು ವರ್ಷದಿಂದ ಅವರ ಆಫೀಸಿನ ಬೆಂಚಿನ ಮೇಲೆ ಕೂತು ಕೂತು ಪರಿಚಯವಾಗಿತ್ತು. ಜನ ಸೇರುವ ಮೊದಲೇ ಸಿಬ್ಬಂದಿ ಬಂದರು, ಡಾಕ್ಟರ್ ಬಂದು ಅರಿವಳಿಕೆ ಕೊಟ್ಟರು, ಚಿರತೆ ಬದುಕಿತು. ಊರವರು ಮೊದಲು ಸೇರಿದ್ದರೆ ಏನಾಗುತ್ತಿತ್ತು ಅಂತ ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ನೀವು ಲೀಡರ್‌ಶಿಪ್ ಅನ್ನುತ್ತೀರಲ್ಲ, ನನ್ನ ಮಟ್ಟಿಗೆ ಅದರ ಪರೀಕ್ಷೆ ಇದೊಂದೇ. ಅಪರಾತ್ರಿಯಲ್ಲಿ ನಿಮ್ಮ ಹೆಸರು ಸ್ಕ್ರೀನಿನ ಮೇಲೆ ಬಂದಾಗ ರೇಂಜರೂ ಫೋನ್ ಎತ್ತಬೇಕು, ರೈತನೂ ಎತ್ತಬೇಕು. ಯಾರ ಫೋನನ್ನು ಇಬ್ಬರಲ್ಲಿ ಒಬ್ಬರು ಮಾತ್ರ ಎತ್ತುತ್ತಾರೋ ಅಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಲಾಖೆಯವರ ಪಾಳಯ, ಹಳ್ಳಿಯವರ ಪಾಳಯ ಅಂತ ಎರಡಾಗಿ ಹಂಚಿಹೋಗಿದ್ದಾರೆ.

ಇದಕ್ಕೆ ಕೋರ್ಸ್ ಇಲ್ಲವೇ ಅಂದರೆ, ಕೋರ್ಸುಗಳಿವೆ. ಒಳ್ಳೆಯವೇ ಇವೆ. ನೀವಿರುವ ಊರು ಈ ವಿಷಯದಲ್ಲಿ ದೇಶಕ್ಕೇ ಮೇಲು. ಜಿಕೆವಿಕೆ ಕ್ಯಾಂಪಸ್ಸಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಎರಡು ವರ್ಷಕ್ಕೊಮ್ಮೆ ಹದಿನೈದರ ಆಸುಪಾಸು ಜನರನ್ನು ತೆಗೆದುಕೊಳ್ಳುತ್ತಾರೆ, ಬಯಾಲಜಿ ಓದದ ಎಂಜಿನಿಯರುಗಳೂ ಅಲ್ಲಿ ಓದಿ ಬಂದಿದ್ದಾರೆ. ನಿಮ್ಮ ಮನೆಯಿಂದ ಬೈಕಿನಲ್ಲಿ ಹತ್ತಿಪ್ಪತ್ತು ನಿಮಿಷ, ಅಲ್ವಾ? ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ 1983ರಿಂದ ಇದೆ. ಜಕ್ಕೂರು ಕಡೆ ‘ಏಟ್ರೀ’ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಇದೆ, 1996ರದ್ದು, ಅಲ್ಲಿ ಪಿಎಚ್‌ಡಿ ಮಾಡಬಹುದು. ಸಮಾಜ, ಕಾಡು ಎರಡನ್ನೂ ಒಟ್ಟಿಗೆ ನೋಡುವ ಜಾಗ ಅದು. ಬೆಂಗಳೂರು ಬಿಟ್ಟು ಹೋಗಲು ಸಿದ್ಧರಿದ್ದರೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ. ಶಿರಸಿ, ಪೊನ್ನಂಪೇಟೆಯ ಫಾರೆಸ್ಟ್ರಿ ಕಾಲೇಜುಗಳು ಪಿಯುಸಿ ಮುಗಿಸಿದವರಿಗೆ, ನಿಮಗೆ ಆ ಬಸ್ಸು ಹೋಯಿತು.

ಐಎಫ್‌ಎಸ್, ಅಂದರೆ ಭಾರತೀಯ ಅರಣ್ಯ ಸೇವೆಯ ಬಗ್ಗೆ ನೀವು ಕೇಳಿಲ್ಲ. ಕೇಳಬೇಕಿತ್ತು. ಎಂಜಿನಿಯರಿಂಗ್ ಪದವಿ ನಡೆಯುತ್ತದೆ, ಸಾಮಾನ್ಯ ವರ್ಗಕ್ಕೆ ವಯಸ್ಸು 32ರವರೆಗೆ, ಪ್ರಿಲಿಮ್ಸ್ ಐಎಎಸ್‌ನವರ ಜೊತೆಗೇ. ಅಧಿಕಾರ ಇಲ್ಲದೆ ಏನೂ ಮಾಡಲಾಗದು ಅನ್ನುವ ಸ್ವಭಾವ ನಿಮ್ಮದಾದರೆ ಅದೇ ದಾರಿ. ಒಬ್ಬ ಒಳ್ಳೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಎರಡು ವರ್ಷದಲ್ಲಿ ಮಾಡುವುದನ್ನು ನಾವು ಹೊರಗಿನವರು ಹತ್ತು ವರ್ಷದಲ್ಲಿ ಮಾಡಲಾರೆವು. ಆದರೆ ಆ ಎರಡು ವರ್ಷ ಮುಗಿಯುತ್ತಿದ್ದಂತೆ ಅವರಿಗೆ ವರ್ಗವಾಗಿರುತ್ತದೆ. ಒಂದೇ ಜಾಗದಲ್ಲಿ ಬೇರು ಬಿಡಬೇಕು ಅನ್ನುವವರಿಗೆ ಅದು ಹಿಂಸೆ.

ಇನ್ನು ಕೇಂಬ್ರಿಜ್. ಆ ಕೋರ್ಸ್ 2010ರಲ್ಲಿ ಶುರುವಾಯಿತು. ಅಲ್ಲಿ ಹೋಗಿ ಬಂದವರನ್ನು ಬಲ್ಲೆ. ಹಣ ಹೊಂದಿಸುವುದು, ತಂಡ ನಡೆಸುವುದು, ಸರ್ಕಾರದ ಜೊತೆ ಮಾತಾಡುವುದು, ಯೋಜನೆ ಕೆಟ್ಟಾಗ ಎದ್ದು ನಿಲ್ಲುವುದು, ಇದನ್ನೆಲ್ಲ ಅಲ್ಲಿ ಕಲಿಸುತ್ತಾರೆ. ನಾವು ಏಟು ತಿಂದು ಕಲಿತದ್ದನ್ನು ಕೂರಿಸಿ ಹೇಳಿಕೊಡುತ್ತಾರೆ. ಆದರೆ ಅದು ಈಗಾಗಲೇ ಕೆಲವು ವರ್ಷ ಈ ಕೆಲಸದಲ್ಲಿ ಬೆಂದವರಿಗೆ ಅಂತಲೇ ಇರುವ ಕೋರ್ಸ್. ಇಲ್ಲಿವರೆಗೆ ಏನು ನಡೆಸಿದ್ದೀರಿ, ಎಲ್ಲಿ ಎಡವಿದಿರಿ ಅಂತ ಕೇಳುತ್ತಾರೆ. ಈಗ ಹಾಕಿದರೆ ಆ ಕಾಲಂನಲ್ಲಿ ಏನು ಬರೆಯುತ್ತೀರಿ? ಕಬಿನಿ ಸಫಾರಿ? ನಾಲ್ಕೈದು ವರ್ಷ ಬಿಟ್ಟು ಹಾಕಿ. ಆಗ ಸ್ಕಾಲರ್‌ಶಿಪ್ ಸಿಗುವ ಸಾಧ್ಯತೆಯೂ ಜಾಸ್ತಿ. ಸ್ಕಾಲರ್‌ಶಿಪ್ ಇಲ್ಲದೆ, ಸಾಲ ಮಾಡಿ ಹೋಗಬೇಡಿ. ಆ ಸಾಲವನ್ನು ಈ ಕ್ಷೇತ್ರದ ಸಂಬಳದಲ್ಲಿ ತೀರಿಸಲು ಆಗುವುದಿಲ್ಲ.

ಹಾಗಾದರೆ ಈ ವರ್ಷ ಏನು ಮಾಡುವುದು? ನಿಮ್ಮ ಮನೆ ಹತ್ತಿರದ ಕೆರೆಗೆ ಹೋಗಿ.

ನಗಬೇಡಿ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಹೆಸರಿಗೆ ಸರ್ಕಾರವೇ ಘೋಷಿಸಿದ ಪಕ್ಷಿ ಸಂರಕ್ಷಣಾ ಮೀಸಲು. ಸುತ್ತ ಬಡಾವಣೆ, ನಡುವೆ ಹಕ್ಕಿಗಳ ಗೂಡು. ಪ್ರತಿ ಭಾನುವಾರ ಒಂದೇ ಹೊತ್ತಿಗೆ ಹೋಗಿ ಎಣಿಸಿ, ‘ಇಬರ್ಡ್’ ಆ್ಯಪಿಗೆ ಹಾಕಿ. ಐವತ್ತೆರಡು ಭಾನುವಾರ. ಮಳೆ ಬಂದರೂ, ಹಿಂದಿನ ರಾತ್ರಿ ಆಫೀಸ್ ಪಾರ್ಟಿ ಇದ್ದರೂ. ಮೂವತ್ತನೇ ಭಾನುವಾರದ ಹೊತ್ತಿಗೆ ನಿಮಗೆ ಈ ಕೆಲಸ ಬೇಕೋ ಬೇಡವೋ ಗೊತ್ತಾಗುತ್ತದೆ. ಯಾಕೆಂದರೆ ಈ ಕೆಲಸದ ಬಹುಪಾಲು ಇದೇ: ಅದೇ ಜಾಗ, ಅದೇ ಎಣಿಕೆ, ಮತ್ತೆ ಮತ್ತೆ.

ಕೆರೆ ಇನ್ನೊಂದನ್ನೂ ಕಲಿಸುತ್ತದೆ. ಉತ್ತರ ಬೆಂಗಳೂರಿನ ಇನ್ನೊಂದು ಕೆರೆಯಲ್ಲಿ ಕೆಲವು ವರ್ಷದ ಹಿಂದೆ ಏರಿಯ ಉದ್ದಕ್ಕೂ ದೊಡ್ಡ ದೀಪ ಹಾಕಿದರು. ಬೆಳಕು ನೇರ ಬಕಗಳು ರಾತ್ರಿ ಕೂರುವ ಮರದ ಮೇಲೆ. ಹಕ್ಕಿ ನೋಡುವ ಹುಡುಗರು ಸಿಟ್ಟಾಗಿ ಪತ್ರ ಬರೆದರು, ದೀಪ ತೆಗೆಸಿ ಅಂತ. ಸಂಜೆ ವಾಕಿಂಗ್ ಬರುವ ಹೆಂಗಸರು ಅವರಿಗಿಂತ ಜಾಸ್ತಿ ಸಿಟ್ಟಾದರು. ಕತ್ತಲಲ್ಲಿ ಸರ ಕಿತ್ತುಕೊಂಡು ಹೋದರೆ ನಿಮ್ಮ ಬಕ ಬಂದು ಕೊಡುತ್ತಾ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ! ಎರಡು ತಿಂಗಳು ವಾಟ್ಸಾಪ್‌ನಲ್ಲಿ ಜಗಳ. ಕೊನೆಗೆ ಅಲ್ಲೇ ವಾಕಿಂಗ್ ಮಾಡುವ ನಿವೃತ್ತ ಟೀಚರ್ ಒಬ್ಬರು ಎರಡೂ ಗುಂಪಿನಿಂದ ಮೂರು ಮೂರು ಜನರನ್ನು ಸಂಜೆ ಏಳಕ್ಕೆ ಏರಿ ಮೇಲೆ ನಡೆಸಿಕೊಂಡು ಹೋದರು. ಎಲ್ಲಿ ಕಾಲಿಗೆ ಬೆಳಕು ಬೇಕು, ಎಲ್ಲಿ ಮರಕ್ಕೆ ಬೀಳುತ್ತಿದೆ ಅಂತ ಒಂದೊಂದೇ ಕಂಬ ತೋರಿಸಿದರು. ಆಮೇಲೆ ಲೈನ್‌ಮನ್‌ನನ್ನು ಕರೆಸಿ ದೀಪಗಳನ್ನು ತಗ್ಗಿಸಿ ನೆಲಕ್ಕೆ ಮುಖ ಮಾಡಿಸಿದರು. ರಾತ್ರಿ ಒಂಬತ್ತರ ಮೇಲೆ ಆರಿಸುವುದು ಅಂತ ಮಾತಾಯಿತು. ಆ ಟೀಚರ್‌ಗೆ ಬೂದು ಬಕಕ್ಕೂ ಇರುಳು ಬಕಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ನಮ್ಮ ತಂಡದಲ್ಲಿ ಇಬ್ಬರು ಪಿಎಚ್‌ಡಿಗಳಿದ್ದರು, ನಮ್ಮ ಕೈಯಲ್ಲಿ ಅದು ಆಗಲಿಲ್ಲ.

ನಿಮಗೆ ಹತ್ತಿರದಲ್ಲೇ ಹೆಸರಘಟ್ಟದ ಹುಲ್ಲುಗಾವಲೂ ಇದೆ. ಸುಮಾರು 5,000 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು 2022ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಅದಕ್ಕೆ ಮುಂಚೆ ಅದೇ ಮಂಡಳಿ ಬೇಡ ಅಂದಿತ್ತು. ನಡುವಿನ ಸಮಯದಲ್ಲಿ ಏನೇನಾಯಿತು, ಯಾರು ಯಾರ ಮನೆ ಬಾಗಿಲು ತಟ್ಟಿದರು, ಸುತ್ತಲ ಹಳ್ಳಿಯವರಿಗೆ ಏನು ಭಯ ಇತ್ತು ಅಂತ ಅಲ್ಲೇ ಹೋಗಿ ಕೇಳಿ ತಿಳಿದುಕೊಳ್ಳಿ. ಅಲ್ಲಿಗೆ ಆಗಾಗ ಸಸಿ ಹಿಡಿದು ಬರುವ ಒಳ್ಳೆಯ ಮನಸ್ಸಿನ ಜನ ಇದ್ದಾರೆ. ಹುಲ್ಲುಗಾವಲಿನಲ್ಲಿ ಗಿಡ ನೆಟ್ಟರೆ ಹುಲ್ಲುಗಾವಲು ಸಾಯುತ್ತದೆ ಅಂತ ಅವರಿಗೆ ನೋವಾಗದ ಹಾಗೆ ಹೇಳಲು ಬಂದರೆ ನೀವು ಅರ್ಧ ಪಾಸು.

ನಿಮ್ಮ ಸಾಫ್ಟ್‌ವೇರ್ ಅನುಭವ ವ್ಯರ್ಥ ಅಂದುಕೊಳ್ಳಬೇಡಿ. 2018ರ ಹುಲಿ ಗಣತಿಯಲ್ಲಿ ದೇಶದ 26,838 ಕಡೆ ಪ್ರಾಣಿ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟಿದ್ದರು. ಬಂದ ಫೋಟೋ 3 ಕೋಟಿ 48 ಲಕ್ಷ. ಅದರಲ್ಲಿ ಹುಲಿ ಇದ್ದದ್ದು 76,651ರಲ್ಲಿ. ಉಳಿದವುಗಳಲ್ಲಿ ಜಿಂಕೆ, ದನ, ಕಾಡು ಕಾಯುವ ವಾಚರ್‌ನ ಕಾಲು, ಗಾಳಿಗೆ ಅಲ್ಲಾಡಿದ ಲಂಟಾನ. ಇದನ್ನು ಸೋಸಲು, ಹುಲಿಯ ಪಟ್ಟೆ ಹೋಲಿಸಲು ಕಂಪ್ಯೂಟರ್ ಗೊತ್ತಿರುವವರು ಬೇಕೇ ಬೇಕು. ಅಂಕಿಅಂಶಕ್ಕೆ ‘ಆರ್’, ನಕ್ಷೆಗೆ ‘ಕ್ಯೂಜಿಐಎಸ್’, ಈ ಎರಡು ಸಾಫ್ಟ್‌ವೇರ್‌ಗಳನ್ನೂ ಈ ವರ್ಷ ಕಲಿಯಿರಿ, ಎರಡೂ ಪುಕ್ಕಟೆ. ಒಂದೇ ಎಚ್ಚರಿಕೆ. ಲ್ಯಾಪ್‌ಟಾಪ್ ಚೆನ್ನಾಗಿ ಬರುವವನನ್ನು ಸಂಸ್ಥೆಗಳು ಬೆಂಗಳೂರಿನ ಆಫೀಸಿನಲ್ಲೇ ಕೂರಿಸಿಬಿಡುತ್ತವೆ. ಸೇರುವಾಗಲೇ ವರ್ಷಕ್ಕೆ ಇಷ್ಟು ತಿಂಗಳು ಫೀಲ್ಡ್ ಅಂತ ಬಾಯಿಬಿಟ್ಟು ಕೇಳಿ.

ಫೀಲ್ಡಿಗೆ ಹೋದಮೇಲೆ ಯಾರಿಂದ ಕಲಿಯಬೇಕು ಅನ್ನುವುದೂ ಮುಖ್ಯ. ನನಗೆ ಕಲಿಸಿದವರು ವಾಚರ್‌ಗಳು. ಜೇನು ಕುರುಬರು, ಸೋಲಿಗರು. ಲದ್ದಿ ಮುಟ್ಟಿ ಆನೆ ಎಷ್ಟು ಹೊತ್ತಿನ ಹಿಂದೆ ಹೋಗಿದೆ ಅಂತ ಹೇಳುವವರು. ಅವರ ಹೆಸರು ನಮ್ಮ ಪೇಪರ್‌ಗಳ ಕೊನೆಯ ಸಾಲಿನಲ್ಲಿ ಒಂದು ಥ್ಯಾಂಕ್ಸಿಗೆ ಮುಗಿಯುತ್ತದೆ, ಅದು ಬೇರೆ ಮಾತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ದೇಶದಲ್ಲಿ ಅದೇ ಮೊದಲು. 1972ರ ವನ್ಯಜೀವಿ ಕಾಯ್ದೆಯನ್ನು ಓದುವವರು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದುವುದಿಲ್ಲ, ಇದನ್ನು ಓದುವವರು ಅದನ್ನು ಓದುವುದಿಲ್ಲ. ನೀವು ಎರಡನ್ನೂ ಓದಿ. ಎರಡು ಭಾನುವಾರದ ಮಧ್ಯಾಹ್ನ ಸಾಕು.

ಒಬ್ಬನೇ ನಾಯಕ ಕಾಡು ಉಳಿಸಿದ ಅನ್ನುವ ಕಥೆಗಳನ್ನು ನಂಬಬೇಡಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್ ಇದೆಯಲ್ಲ. ಅದರ ಹಿಂದೆ ರಸ್ತೆಯಲ್ಲಿ ಸತ್ತ ಪ್ರಾಣಿಗಳ ಲೆಕ್ಕ ಇಟ್ಟವರಿದ್ದರು, ಆದೇಶಕ್ಕೆ ಸಹಿ ಹಾಕಿದ ಜಿಲ್ಲಾಧಿಕಾರಿ ಇದ್ದರು, ಹೈಕೋರ್ಟಿನಲ್ಲಿ ವಾದಿಸಿದ ವಕೀಲರಿದ್ದರು, ಚಳಿಯಲ್ಲಿ ಚೆಕ್‌ಪೋಸ್ಟ್ ಕಾಯುವ ಗಾರ್ಡ್‌ಗಳು ಇವತ್ತಿಗೂ ಇದ್ದಾರೆ. ಹಾಗೆಯೇ ಪರಿಹಾರದ ಅರ್ಜಿ ವಿಷಯ. ನಾನು ಒಂದು ಊರಿನಲ್ಲಿ ಕಷ್ಟಪಟ್ಟು ಮಾಡಿದ್ದನ್ನು ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಲ್ಲಿ ‘ವೈಲ್ಡ್ ಸೇವೆ’ ಅಂತ ಒಂದು ವ್ಯವಸ್ಥೆಯನ್ನೇ ಮಾಡಿದರು. ಬಂಡೀಪುರ, ನಾಗರಹೊಳೆ ಸುತ್ತಲಿನ ರೈತರು ಉಚಿತ ನಂಬರಿಗೆ ಫೋನ್ ಮಾಡಿದರೆ ಹುಡುಗರು ಬೈಕ್ ಏರಿ ಹೋಗಿ ಅರ್ಜಿ ತುಂಬಿಕೊಡುತ್ತಾರೆ. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಾನು ಅರ್ಜಿ ಬರೆಯುತ್ತಲೇ ಇದ್ದೆ.

ಈಗ ದುಡ್ಡಿನ ಮಾತು. ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಶುರುವಿನಲ್ಲಿ ನಿಮ್ಮ ಈಗಿನ ಸಂಬಳದ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ. ಹೆಚ್ಚಿನ ಕೆಲಸ ಒಂದು ಅಥವಾ ಎರಡು ವರ್ಷದ ಪ್ರಾಜೆಕ್ಟಿಗೆ ಕಟ್ಟಿದ್ದು. ಮುಗಿದರೆ ಮತ್ತೆ ಹುಡುಕಬೇಕು. ಬಿಡುವ ಮೊದಲು ಹದಿನೆಂಟು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿರಲಿ. ಅಮ್ಮನ ಹೆಲ್ತ್ ಇನ್ಶೂರೆನ್ಸ್ ಈಗಲೇ ನಿಮ್ಮ ಹೆಸರಿನಲ್ಲಿ ಬೇರೆ ಮಾಡಿಸಿ. ಕಂಪನಿಯದ್ದು ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ.

ಮುಂದೆ ನಿಂತು ನಡೆಸುವವರಾದರೆ ಬೇರೆಯವರ ಸಂಬಳದ ಚಿಂತೆ ನಿಮ್ಮದಾಗುತ್ತದೆ. ವಿದೇಶಿ ದೇಣಿಗೆಯ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಆಮೇಲೆ ಅಂಥ ಹಣದಲ್ಲಿ ಆಡಳಿತದ ಖರ್ಚಿಗೆ 20 ಪರ್ಸೆಂಟ್ ಮೀರುವಂತಿಲ್ಲ. ಮೊದಲು 50 ಇತ್ತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ, ಹಾಗಾಗಿ ಸಣ್ಣ ಸಂಸ್ಥೆಗಳು ತುಂಬಾ ಸೊರಗಿದವು. ಇತ್ತ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಇದೆ. 2013ರ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಎರಡು ಪರ್ಸೆಂಟ್ ಕೊಡಬೇಕು. ಬೆಂಗಳೂರಿನಲ್ಲಿ ಅದಕ್ಕೆ ಬರವಿಲ್ಲ. ಆದರೆ ಅವರಿಗೆ ಮಾರ್ಚ್ 31ರೊಳಗೆ ಫೋಟೋ ಬೇಕು. ಆನೆಗೆ ಮಾರ್ಚ್ 31 ಗೊತ್ತಿಲ್ಲ. ಕಂಪನಿಯವರ ಭಾಷೆ ಗೊತ್ತಿರುವ ನಿಮ್ಮಂಥವರು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತೀರಿ.

ನನ್ನ ಅತಿ ದೊಡ್ಡ ತಪ್ಪು ಇದೇ ವಿಷಯದಲ್ಲಿ. ಒಬ್ಬ ದಾನಿ ಬಾಯಿಮಾತಿನಲ್ಲಿ ಒಪ್ಪಿದ್ದನ್ನು ನಂಬಿ ಒಂದು ಊರಿಗೆ ಸೋಲಾರ್ ಬೇಲಿ ಬರುತ್ತದೆ ಅಂತ ಹೇಳಿಬಿಟ್ಟೆ. ಹದಿನಾಲ್ಕು ಮನೆಯವರು ಕಂಬಕ್ಕೆ ಗುಂಡಿ ತೋಡಿದರು. ಹಣ ಬರಲಿಲ್ಲ. ಆ ಊರಿಗೆ ಎರಡು ವರ್ಷ ಕಾಲಿಡಲಿಲ್ಲ ನಾನು, ನಾಚಿಕೆಯಿಂದ. ಆಮೇಲೆ ಹೋದಾಗ ಗುಂಡಿಗಳು ಹಾಗೇ ಇದ್ದವು, ಒಂದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಯಾರೂ ಬಯ್ಯಲಿಲ್ಲ. ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ದುಡ್ಡು ಅಕೌಂಟಿಗೆ ಬರುವವರೆಗೆ ಬಾಯಿ ಬಿಡುವುದಿಲ್ಲ.

ಇಂಟರ್‌ವ್ಯೂಗೆ ಹೋದಾಗ ಸಂಸ್ಥೆಯವರನ್ನು ನೀವೂ ಕೇಳಬೇಕಾದದ್ದಿದೆ. ಫೀಲ್ಡ್ ಹುಡುಗರಿಗೆ ಅಪಘಾತ ವಿಮೆ ಇದೆಯಾ? ಫೀಲ್ಡ್ ಸ್ಟೇಷನ್‌ನಲ್ಲಿ ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕ ಹಾಕುವ ಬಚ್ಚಲು ಇದೆಯಾ? ಸಂಬಳ ಯಾವ ತಾರೀಕಿಗೆ? ಇದಕ್ಕೆ ತಡವರಿಸುವ ಸಂಸ್ಥೆ ಹುಲಿ ಬಗ್ಗೆ ಎಷ್ಟೇ ಚೆನ್ನಾಗಿ ಮಾತಾಡಲಿ, ನಮಸ್ಕಾರ ಹೇಳಿ ಎದ್ದು ಬನ್ನಿ.

ಪರಿಚಯಗಳಿಗೆ ಎರಡು ಜಾಗ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಹಕ್ಕಿ ನೋಡುವವರು ಸೇರುತ್ತಾರೆ, ಎಷ್ಟೋ ವರ್ಷದಿಂದ. ಹೊಸಬರನ್ನು ಯಾರೂ ಯಾರಪ್ಪಾ ಇವನು ಅಂತ ನೋಡುವುದಿಲ್ಲ. ಇನ್ನೊಂದು, ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿಗಳ ಸಮ್ಮೇಳನ. 2010ರಿಂದ ಬೆಂಗಳೂರಿನಲ್ಲಿ ನಡೆಯುತ್ತಿದೆ. ಟೀ ಬಿಡುವಿನಲ್ಲಿ ದೊಡ್ಡವರ ಹಿಂದೆ ಬೀಳಬೇಡಿ, ಎರಡನೇ ವರ್ಷದ ಎಂಎಸ್ಸಿ ಹುಡುಗಿಯರನ್ನು, ಹುಡುಗರನ್ನು ಮಾತಾಡಿಸಿ. ಫೀಲ್ಡಿನಲ್ಲಿ ಯಾವ ಸಂಸ್ಥೆ ಹೇಗೆ ನಡೆಸಿಕೊಳ್ಳುತ್ತದೆ ಅಂತ ಅವರು ನಿಜ ಹೇಳುತ್ತಾರೆ.

ಇನ್ನು ನಿಮ್ಮ ಊರು. ಕರ್ನಾಟಕದಲ್ಲಿ 2022ರ ಅಂದಾಜಿನಂತೆ 563 ಹುಲಿ, 2023ರ ಗಣತಿಯಂತೆ 6,395 ಆನೆ. ಅವುಗಳ ಹಿಂದೆ ಜನ ಇದ್ದಾರೆ. ತುಮಕೂರು ಜಿಲ್ಲೆಯ ಚಿರತೆ, ಕರಡಿಯ ಹಿಂದೆ ಅಷ್ಟು ಜನ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಜಯಮಂಗಲಿ ಕೃಷ್ಣಮೃಗ ಮೀಸಲಿದೆ, 2007ರಲ್ಲಿ ಘೋಷಿಸಿದ್ದು. ನೀವು ನೋಡಿದ್ದೀರಾ? ಮುಂದಿನ ಕಬಿನಿ ಬುಕಿಂಗ್ ಕ್ಯಾನ್ಸಲ್ ಮಾಡಿ ಅಲ್ಲಿಗೆ ಹೋಗಿ. ಆ ಕಡೆಯ ಮಾತು ನಿಮ್ಮ ಮನೆ ಮಾತು. ನನಗೆ ಚಾಮರಾಜನಗರದ ಕನ್ನಡ ಕಿವಿಗೆ ಹತ್ತಲು ಒಂದು ವರ್ಷ ಬೇಕಾಯಿತು, ನಿಮಗೆ ನಿಮ್ಮ ಸೀಮೆಯಲ್ಲಿ ಆ ಒಂದು ವರ್ಷ ಉಳಿತಾಯ.

ಈ ಸಲ ಊರಿಗೆ ಹೋದಾಗ ಅಮ್ಮನ ಜೊತೆ ಕೂತು ಕೇಳಿ. ಚಿರತೆ ಕಾಟ ಯಾವ ತೋಟದ ಕಡೆ ಜಾಸ್ತಿ, ಯಾರ ಮನೆಯ ಕುರಿ ಹೋಯಿತು, ಯಾವ ತಿಂಗಳು. ಖಂಡಿತ ಗೊತ್ತಿರುತ್ತದೆ ಅವರಿಗೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಆ ಮನೆಗಳಿಗೆ ಹೋಗಿ, ಕುರಿ ಸತ್ತಾಗ ಪಶುವೈದ್ಯರನ್ನು ಕರೆಸಿ ಸರ್ಟಿಫಿಕೇಟ್ ಮಾಡಿಸಿದ್ದರಾ, ಪರಿಹಾರಕ್ಕೆ ಅರ್ಜಿ ಹಾಕಿದ್ದರಾ ವಿಚಾರಿಸಿ. ಹಾಕಿಲ್ಲ ಅಂದರೆ ಮುಂದಿನ ಸಲ ಹೀಗಾದ ಕೂಡಲೇ ಫೋನ್ ಮಾಡಿ ಅಂತ ನಿಮ್ಮ ನಂಬರ್ ಕೊಟ್ಟು ಬನ್ನಿ. ಬರುವ ದಾರಿಯಲ್ಲಿ ರೇಂಜ್ ಆಫೀಸಿಗೂ ಹೋಗಿ ಬನ್ನಿ. ಬೆಂಚು ಖಾಲಿ ಇರುತ್ತದೆ, ಕೂತುಕೊಳ್ಳಿ.